ಮರೆಮಾಡಿದ ಸಾಲು

ಮಾರ್ಚ್ 3
ಎರಡು ಕೋಟುಗಳಿಗೆ ಗುಂಡಿ ಹಾಕಿ ಮುಗಿಸಿ ವೆಬ್ ಕ್ಲಾಸಿಗೆ ಓಡಿದೆ. ಹತ್ತು ನಿಮಿಷ ತಡ. ಇವತ್ತು ಪುಟಕ್ಕೆ ಬಣ್ಣ, ಅಂಚು, ಅಳತೆ ಕೊಡುವ ಪಾಠ. ಹೊಲಿಗೆಯವಳಿಗೆ ಇದೇನು ಹೊಸದೇ ಅಂದೆ. ಮೇಷ್ಟ್ರು ನಕ್ಕರು. ನಮ್ಮ ಹೊಲಿಗೆ ಕೆಲಸದ ಪುಟವನ್ನು ನೆಟ್‌ಗೆ ಏರಿಸಿಯೇ ಬಿಟ್ಟೆ. ನನ್ನ ಹೆಸರು, ತಂಗಿಯ ಹೆಸರು, ಫೋನ್, ಮನೆ ವಿಳಾಸ.

ಮಾರ್ಚ್ 4
ತಂಗಿ ನೋಡಿ ಬಿಳಿಚಿಕೊಂಡಳು.
"ಅಕ್ಕಾ, ನಾನೆಲ್ಲಿದ್ದೀನಿ ಅಂತ ಅವರಿಗೆ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ಊರು ಬಿಟ್ಟಿದ್ದು?"
ಅವರು ಅಂದರೆ ಅವಳ ಗಂಡ. ಅವಳ ಎಡಗೈ ಇನ್ನೂ ಪೂರ್ತಿ ಮಡಚುವುದಿಲ್ಲ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ... ನಿನ್ನೆ ಕಲಿತದ್ದೇ ಕೈಗೆ ಬಂತು. ಅವಳ ಹೆಸರು, ವಿಳಾಸ ಪರದೆಯ ಮೇಲೆ ಕಾಣದಂತೆ ಪುಟದ ಕೋಡ್‌ನಲ್ಲಿ ಒಂದು ಸಾಲು ಬರೆದೆ. ಮಾಯ. ಅವಳು ಸಮಾಧಾನದ ಉಸಿರು ಬಿಟ್ಟಳು. ನಾನು ಬೀಗಿದೆ.

ಮಾರ್ಚ್ 19
ಮೇಷ್ಟ್ರು ಎರಡೇ ಕ್ಲಿಕ್‌ನಲ್ಲಿ ನನ್ನ ಪುಟದ ಒಳಗಿನ ಬರಹವನ್ನು ಬಿಚ್ಚಿಟ್ಟರು. ತಂಗಿಯ ಹೆಸರು, ಮೂರನೇ ಮಹಡಿ, ಎಲ್ಲ ಹಾಗೇ ಇದೆ.
"ಕಾಣದ ಹಾಗೆ ಮಾಡೋದು ಬೇರೆ, ತೆಗೆದುಹಾಕೋದು ಬೇರೆ ಕಣಮ್ಮ. ಯಾರು ಬೇಕಾದ್ರೂ ಓದಬಹುದು."
ಅಲ್ಲೇ ಅಳಿಸಿದೆ. ಪುಟಕ್ಕೆ ಯಾರು ಯಾವಾಗ ಬಂದರು ಅನ್ನುವ ಪಟ್ಟಿ ತೆಗೆಸಿದೆ. ಹನ್ನೊಂದು ದಿನ, ಒಂದೇ ಕಡೆಯಿಂದ, ಬೆಳಿಗ್ಗೆ ಸರಿಯಾಗಿ ಎಂಟಕ್ಕೆ. ನಿನ್ನೆಯಿಂದ ಇಲ್ಲ.
"ಬೇಜಾರಾಗಿ ಬಿಟ್ಟಿರಬೇಕು" ಅಂದರು ಮೇಷ್ಟ್ರು.
ಬೇಕಾದ್ದು ಸಿಕ್ಕಿರಬೇಕು ಅಂತ ನನಗೆ.

ಮಾರ್ಚ್ 20, ಬೆಳಿಗ್ಗೆ 10.00
ಪುಟದ ಮೂಲಕ ಒಂದು ಆರ್ಡರ್. ಹೆಸರಿಲ್ಲ. ಅಳತೆ ಬರೆಯುವ ಜಾಗದಲ್ಲಿ — 'ಮೂರನೇ ಮಹಡಿ. ಲಿಫ್ಟ್ ಇಲ್ಲ. ಹತ್ತಿ ಬರ್ತೀನಿ.'
ಪೊಲೀಸರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು ಹೇಳಿದರು: "ಜನ ಕಳಿಸ್ತೀವಿ. ಅಲ್ಲಿವರೆಗೆ ಏನೇನಾಗುತ್ತೋ ಗಂಟೆ ಸಮೇತ ಬರೆದಿಡಿ."
ಬರೆಯುತ್ತಿದ್ದೇನೆ.

10.20
ತಂಗಿಯನ್ನು ಹಿಂದಿನ ಮೆಟ್ಟಿಲಿಂದ ಮೇಷ್ಟ್ರ ಮನೆಗೆ ಕಳಿಸಿದೆ. ಟ್ಯಾಕ್ಸಿ ಹತ್ತಿದ ಕೂಡಲೇ ಫೋನ್ ಮಾಡು ಅಂದಿದ್ದೇನೆ.

10.40
ಫೋನ್ ಬಂದಿಲ್ಲ. ಬಾಗಿಲು ತಟ್ಟುತ್ತಿದ್ದಾರೆ. ಮೆಲ್ಲಗೆ, ನೆಂಟರು ತಟ್ಟುವ ಹಾಗೆ.
"ಯಾರು?"
"ನಾನೇ ಅತ್ತಿಗೆ. ಬಾಗಿಲು ತೆಗೀಬೇಡಿ, ಪರವಾಗಿಲ್ಲ. ಹೇಳಿ ಹೋಗೋಣ ಅಂತ ಬಂದೆ. ಅವಳು ಕೆಳಗೇ ಸಿಕ್ಕಿದ್ಲು."

10.43
ಅವನು ಇಳಿಯುತ್ತಿದ್ದಾನೆ. ಪೊಲೀಸರು ಇನ್ನೂ ಇಲ್ಲ. ತಂಗಿಗೆ ಫೋನ್ ಮಾಡಿದ್ದೇನೆ. ರಿಂಗ್ ಆಗುತ್ತಿದೆ — ಹೊರಗೆ, ಮೆಟ್ಟಿಲ ಮೇಲೆ, ಅವನ ಹೆಜ್ಜೆಯ ಜೊತೆಗೇ ಕೆಳಗೆ, ಇನ್ನೂ ಕೆಳಗೆ...