ಏಣಿಯಿಂದ ಬಿದ್ದ ಬೆಕ್ಕು

ಮಾನ್ಯ ಕಾರ್ಮಿಕ ನಿರೀಕ್ಷಕರೇ,

ಹೊಲಿಗೆ ಕಾರ್ಖಾನೆಯ ಹಿಂಬದಿಯ ಕಬ್ಬಿಣದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ನನ್ನ ತಂಗಿ ಅಲ್ಲಿ ಕೆಲಸಕ್ಕೇ ಇರಲಿಲ್ಲ, ಆದ್ದರಿಂದ ಅವಳ ಚಿಕಿತ್ಸೆಗೆ ಯಾರೂ ಹೊಣೆಯಲ್ಲ ಎಂದು ತಮ್ಮ ಕಚೇರಿ ತಿಳಿಸಿದೆ. ಹಾಗಾದರೆ ಅವಳು ಆ ಏಣಿ ಹತ್ತಿದ್ದು ಯಾಕೆ? ಗಾಳಿ ಸೇವನೆಗೆ?

ತಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ತಾವು ತಪಾಸಣೆಗೆ ಹೊರಡುವ ಮುನ್ನ ತಮ್ಮ ಕಚೇರಿಯಿಂದಲೇ ಮಾಲೀಕರಿಗೆ ಫೋನು ಬರುತ್ತದೆ. ಮೇಸ್ತ್ರಿ ದೀಪವನ್ನು ಒಮ್ಮೆ ಆರಿಸಿ ಮತ್ತೆ ಹಾಕುತ್ತಾನೆ. ಅಷ್ಟೇ ಸಾಕು. ದಾಖಲೆಯಲ್ಲಿ ಹೆಸರಿಲ್ಲದ ಹೆಂಗಸರೆಲ್ಲ ಅರ್ಧ ಹೊಲಿದ ಕಾಲರನ್ನು ಹಾಗೇ ಬಿಟ್ಟು ಆ ಏಣಿ ಹತ್ತಿ ತಾರಸಿಗೆ ಓಡಿ, ನೀರಿನ ತೊಟ್ಟಿಯ ಹಿಂದೆ ಉಸಿರು ಬಿಗಿಹಿಡಿದು ಕೂರಬೇಕು. ಆ ದಿನ ತಂಗಿಯ ಕಾಲು ಜಾರಿತು. ಒಳಗೆ ಚಹಾ ಕುಡಿಯುತ್ತಿದ್ದ ತಾವು ಕೇಳಿದಿರಿ: "ಏನ್ರೀ ಅದು ಸದ್ದು?"

"ಬೆಕ್ಕು ಸಾರ್. ಇಲಿ ಜಾಸ್ತಿ ನೋಡಿ ಇಲ್ಲಿ," ಎಂದ ಮೇಸ್ತ್ರಿ.

"ಭಾರೀ ಬೆಕ್ಕೇ ಇರ್ಬೇಕು!" ಎಂದು ತಾವು ನಕ್ಕಿರಿ. ಇನ್ನೊಂದು ಬಿಸ್ಕತ್ತು ತೆಗೆದುಕೊಂಡಿರಿ. ದಾಖಲೆಯಲ್ಲಿ ಹೆಸರಿದ್ದ ಪುಣ್ಯದಿಂದ ಅಲ್ಲೇ ಕೂತಿದ್ದ ಗುಂಡಿ ಹೊಲಿಯುವ ಅಜ್ಜಿ ಇದನ್ನೆಲ್ಲ ನನಗೆ ಹೇಳಿದರು. "ನಿನ್ ತಂಗಿ 'ಅಮ್ಮಾ' ಅಂತ ಕೂಗಿದ್ಲು ಕಣಮ್ಮ. ಬೆಕ್ಕು ಹಂಗೆ ಕೂಗುತ್ತಾ?"

ಲೆಕ್ಕಕ್ಕೆ ಸಿಗದ ಇಂಥ ದುಡಿಮೆಯನ್ನು ತಜ್ಞರು ನೆರಳಿನ ಆರ್ಥಿಕತೆ ಎನ್ನುತ್ತಾರಂತೆ. ಕವಿತೆ ಓದಿಕೊಂಡ ನನಗೆ ನೆರಳೆಂದರೆ ದಣಿದವರು ಕೂರುವ ಜಾಗ. ಇದು ಕಾಣದಂತೆ ಕಸ ತಳ್ಳುವ ಮಂಚದಡಿಯ ಜಾಗ. ಎಲ್ಲ ದೇಶಗಳಲ್ಲೂ ಇದೆಯಲ್ಲ ಎಂದು ದೂರು ಕೊಡಲು ಹೋದಾಗ ತಮ್ಮ ಮೇಲಧಿಕಾರಿಗಳು ನನಗೆ ಸಮಾಧಾನ ಹೇಳಿದರು. ಇದೆ. ಇಲ್ಲಿ ಹೊಲಿದ ಅಂಗಿ ಸಿರಿವಂತ ದೇಶದ ಗಾಜಿನ ಗೋಡೆಯ ಅಂಗಡಿಯಲ್ಲಿ ರಸೀದಿ ಸಮೇತ ಮಾರಾಟವಾಗುತ್ತದೆ. ಆ ಅಂಗಡಿಯ ನೆಲ ಒರೆಸುವವಳ ಹೆಸರೂ ಯಾವ ದಾಖಲೆಯಲ್ಲೂ ಇರುವುದಿಲ್ಲ. ರೋಗ ಊರಿಗೆಲ್ಲ ಬಂದಿದೆಯೆಂದು ವೈದ್ಯರು ಮನೆಗೆ ಹೋಗಿ ಮಲಗಬಹುದೇ?

ಕಾರಣ ಹುಡುಕಲು ಸಮಿತಿ ಬೇಡ. ಒಬ್ಬಳ ಹೆಸರು ದಾಖಲೆಗೆ ಸೇರಿಸಬೇಕೆಂದರೆ ಮಾಲೀಕ ತಮ್ಮ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆದು ಎಲ್ಲರ ಕೈ ಬೆಚ್ಚಗೆ ಮಾಡಬೇಕು. ಮುಚ್ಚಿಡಲು ತಮ್ಮೊಬ್ಬರ ಕೈ ಸಾಕು. ಎದುರು ಬೀದಿಯಲ್ಲಿ ಎಲ್ಲರ ಹೆಸರು ಬರೆಸಿ, ತೆರಿಗೆ ಕಟ್ಟಿ ಹೊಲಿಸುತ್ತಿದ್ದವರು ಈ ಅಗ್ಗದ ಅಂಗಿಗಳ ಮುಂದೆ ನಿಲ್ಲಲಾರದೆ ಬೀಗ ಹಾಕಿದರು. ಅವರ ಕೆಲಸದವರೂ ಈಗ ಇದೇ ಏಣಿ ಹತ್ತುತ್ತಾರೆ. ಲಂಚದ ಮಾತು ಹಾಗಿರಲಿ, ತಮ್ಮ ಆ ನಗುವನ್ನು ನಾನು ಮರೆಯಲಾರೆ.

ಒಮ್ಮೆ ಫೋನು ಮಾಡಿಸದೆ ಬನ್ನಿ. ಚಹಾ ಬೇಡವೆನ್ನಿ. ಆ ಏಣಿ ಹತ್ತಿ, ತೊಟ್ಟಿಯ ಹಿಂದೆ ಕೂತವರ ಹೆಸರನ್ನೆಲ್ಲ ದಾಖಲಿಸಿ. ತಂಗಿಯ ಚಿಕಿತ್ಸೆಯನ್ನು ಕಾರ್ಖಾನೆಯೇ ಭರಿಸಬೇಕೆಂದು ಆದೇಶಿಸಿ. ಅದಾಗದಿದ್ದರೆ ನಮ್ಮ ಮನೆಗೆ ಬಂದು, ಮಗ್ಗಲು ಬದಲಿಸಲಾರದೆ ಮಲಗಿರುವ ಅವಳ ಮುಖ ನೋಡಿಯೇ ಹೇಳಿ, ಬಿದ್ದದ್ದು ಬೆಕ್ಕು ಎಂದು.

ಇಂತಿ,
ತಮ್ಮನ್ನು ನಗಿಸಿದ ಆ ಬೆಕ್ಕಿನ ಅಕ್ಕ