ದೊಡ್ಡಕ್ಕನ ನಾಲ್ಕು ಅಂಕಿ

ಮಾರ್ಚ್ ೧೪, ಗುರುವಾರ

ದೊಡ್ಡ ಡಾಕ್ಟರ ಮುಖ ಇನ್ನೂ ಕಣ್ಣ ಮುಂದೆಯೇ ಇದೆ. ಪಾಪ ಅನ್ನಿಸಬೇಕಿತ್ತು, ಅನ್ನಿಸುತ್ತಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿದೆ.

ರೋಗಿಗಳ ಔಷಧಿ ಲೆಕ್ಕ ಬರೆಯಲು ವಾರ್ಡಿಗೆ ಟ್ಯಾಬ್‌ಗಳು ಬಂದ ಮೊದಲ ವಾರವೇ ನಮ್ಮ ನರ್ಸುಗಳೆಲ್ಲ ಅದನ್ನು ತೆರೆಯುವ ಗುಟ್ಟಿನ ನಂಬರನ್ನು ಗಾಯಕ್ಕೆ ಹಾಕುವ ಪ್ಲಾಸ್ಟರಿನ ಮೇಲೆ ಬರೆದು ತಂತಮ್ಮ ಟ್ಯಾಬಿನ ಬೆನ್ನಿಗೇ ಅಂಟಿಸಿದ್ದರು. ಎಲ್ಲವನ್ನೂ ಕಿತ್ತವಳು ವಾರ್ಡಿನ ಹೆಡ್ ನರ್ಸ್ ಆದ ನಾನು. ಎಲ್ಲಕ್ಕಿಂತ ದಪ್ಪ ಅಂಕಿ ನಮ್ಮ ನರ್ಸುಗಳಲ್ಲೇ ಹಿರಿಯರಾದ ದೊಡ್ಡಕ್ಕನದು. ನಿವೃತ್ತಿಗೆ ಎರಡೇ ವರ್ಷ ಉಳಿದಿರುವ ಅವರಿಗೆ ಒಂದೇ ಮಾತು ಹೇಳಿದ್ದೆ: ನಿಮ್ಮ ನಂಬರಿನಿಂದ ಯಾರು ಏನು ಬರೆದರೂ ಆ ಔಷಧಿ ಕೊಟ್ಟವರು ನೀವೇ ಆಗುತ್ತೀರಿ.

ಇವತ್ತು ರೌಂಡ್ಸಿನಲ್ಲಿ ಡಾಕ್ಟರ ಟ್ಯಾಬಿನ ಚಾರ್ಜ್ ಮುಗಿದಿತ್ತು. ದೊಡ್ಡಕ್ಕನದಕ್ಕೆ ಕೈ ಚಾಚಿ, "ನಂಬರ್ ಹೇಳಿ, ಬೇಗ" ಎಂದರು. ದೊಡ್ಡಕ್ಕ ಟ್ಯಾಬನ್ನು ಎದೆಗವುಚಿಕೊಂಡರು.

"ಏನು ನೋಡ್ಬೇಕು ಹೇಳಿ ಸಾರ್, ನಾನೇ ತೆಗೆದು ತೋರಿಸ್ತೀನಿ. ನಂಬರ್ ಮಾತ್ರ ಕೇಳ್ಬೇಡಿ."

ಡಾಕ್ಟರ್ ನನ್ನತ್ತ ತಿರುಗಿದರು. "ಅವರು ಹೇಳಿದ್ದು ಸರಿ ಸಾರ್" ಎಂದೆ. ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಇದೇ ಮೊದಲು. ಡಾಕ್ಟರ್ ಗೊಣಗುತ್ತಲೇ ದೊಡ್ಡಕ್ಕನ ಪಕ್ಕ ಬಗ್ಗಿ ನಿಂತು ನೋಡಿದರು.

ಮನೆಗೆ ಹೊರಡುವಾಗ ಸುಮ್ಮನೆ ಕೆಣಕಿದೆ: "ನನಗಾದ್ರೂ ಹೇಳಿ ದೊಡ್ಡಕ್ಕ."

"ನಿಮಗಂತೂ ಹೇಳಲ್ಲ ಸಿಸ್ಟರ್. ಹೇಳ್ಬೇಡಿ ಅಂತ ಕಲಿಸಿದ್ದೇ ನೀವು." ಬಾಗಿಲಲ್ಲಿ ತಿರುಗಿ ನಿಂತರು. "ಅಂದ ಹಾಗೆ, ನಿಮ್ಮ ನಂಬರ್ ಮಗಳು ಹುಟ್ಟಿದ ದಿನ ತಾನೇ? ಇಡೀ ವಾರ್ಡಿಗೆ ಗೊತ್ತು. ಬದಲಾಯಿಸ್ಕೊಳ್ಳಿ."

ವಾಪಸ್ ಓಡಿ ಹೋಗಿ ಬದಲಾಯಿಸಿಯೇ ಬಂದೆ. ಮರೆತುಹೋಗದಿರಲಿ ಎಂದು ಹೊಸ ನಂಬರನ್ನು ಇಲ್ಲಿ ಬರೆದಿಡಲು ಪೆನ್ನು ಊರಿದ್ದೆ. ದೊಡ್ಡಕ್ಕ ನೋಡಿದರೆ...