ಒಂದೇ ಔಷಧಿ, ಮೂರು ಹೆಸರು

ಡುಲೂತ್, ಮಿನೆಸೋಟ
ಫೆಬ್ರವರಿ 11, ಗುರುವಾರ ಬೆಳಿಗ್ಗೆ

ನನ್ನ ಮುದ್ದಿನ ಸಿಗ್ನೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ, ನಾಳೆಯೇ ತಲುಪುವ ಅಂಚೆಯಲ್ಲಿ. ಅಪ್ಪ ಆಸ್ಪತ್ರೆಯಲ್ಲಿದ್ದಾನೆ. ಲಿವರ್ ಕೈಕೊಟ್ಟಿದೆ. ಅಮ್ಮನ ಅಂತ್ಯಕ್ರಿಯೆಗೆ ಅವನು ಕುಡಿದು ಬಂದದ್ದನ್ನು ನೀನು ನಾಲ್ಕು ವರ್ಷವಾದರೂ ಮರೆತಿಲ್ಲ. ಈಗಲೂ ಕುಡಿತದಿಂದಲೇ ಹೀಗಾಯಿತು ಎಂದುಕೊಳ್ಳುತ್ತೀಯ. ಕುಡಿತವೂ ಇದೆ. ಆದರೆ ಅವನನ್ನು ಮಲಗಿಸಿದ್ದು ಶೀತದ ಔಷಧಿ.

ಹಡಗುಕಟ್ಟೆಯ ಕೆಲಸ ಬಿಟ್ಟರೂ ಬೆನ್ನುನೋವು ಅವನನ್ನು ಬಿಟ್ಟಿರಲಿಲ್ಲ. ದಿನಕ್ಕೆ ಎಂಟು ನೋವಿನ ಮಾತ್ರೆ ನುಂಗುತ್ತಿದ್ದ. ಕಳೆದ ವಾರ ನೆಗಡಿಯೂ ಹಿಡಿಯಿತು. ಹಗಲು ನೆಗಡಿ ಮಾತ್ರೆ, ಮಲಗುವಾಗ ಕೆಮ್ಮಿನ ಸಿರಪ್. ಮೂರರಲ್ಲೂ ಇದ್ದದ್ದು ಅದೇ ಪ್ಯಾರಾಸಿಟಮಾಲ್, ಮಿತಿ ಮೀರಿದರೆ ಲಿವರನ್ನೇ ಕೊಲ್ಲುವಂಥದ್ದು. ಆರು ದಿನ ಹೀಗೇ ನಡೆದಿದೆ. ಸಿರಪ್ಪನ್ನಂತೂ ಅಳತೆಯ ಮುಚ್ಚಳಕ್ಕೆ ಸುರಿಯದೆ ಬಾಟಲಿಯಿಂದಲೇ ಗುಟುಕರಿಸಿದ್ದಾನೆ.

ಹದಿನಾಲ್ಕು ವರ್ಷದಿಂದ ನರ್ಸಿಂಗ್ ಕಾಲೇಜಿನಲ್ಲಿ ನಾನು ಇದನ್ನೇ ಪಾಠ ಮಾಡುತ್ತಿದ್ದೇನೆ: ಶೀತದ ಔಷಧಿ ಕೊಡುವ ಮೊದಲು, ರೋಗಿ ಬೇರೇನು ತೆಗೆದುಕೊಳ್ಳುತ್ತಿದ್ದಾನೆಂದು ಕೇಳಿ. ಕಳೆದ ವಾರ, ಮಂಗಳವಾರ, ಆ ಪಾಠದ ನಡುವೆಯೇ ಅಪ್ಪನ ಫೋನ್ ಬಂತು.

"ಏನಮ್ಮಾ ಟೀಚರಮ್ಮ, ಮೂಗು ನಲ್ಲಿ ಥರ ಸುರೀತಿದೆ. ಅಂಗಡೀಲಿ ಸಿರಪ್ ಇದೆ, ಕುಡೀಲಾ?" ಎಂದ.

ನಾನು ಕಾರಿಡಾರಿನಲ್ಲಿ ನಿಂತು, "ಕುಡಿಯಪ್ಪಾ, ಬರೀ ಶೀತದ ಔಷಧಿ ತಾನೇ. ಕ್ಲಾಸಲ್ಲಿದೀನಿ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಆಮೇಲೆ ಮಾತಾಡಲಿಲ್ಲ. ಒಳಗೆ ಹೋಗಿ ಪಾಠ ಮುಂದುವರಿಸಿದೆ.

ಈ ಸೋಮವಾರ ಅವನ ಮನೆಗೆ ಹೋಗಿ ನೋಡಿದರೆ ಕಣ್ಣು ಹಳದಿಗಟ್ಟಿತ್ತು. ಆಸ್ಪತ್ರೆಯಲ್ಲಿ ವಿಷ ಇಳಿಸುವ ಡ್ರಿಪ್ ಹಾಕಿದರು, ಅಷ್ಟರಲ್ಲಿ ತಡವಾಗಿತ್ತು. ಎಪ್ಪತ್ತೆಂಟರ ಕುಡುಕನಿಗೆ ಬೇರೆ ಲಿವರ್ ಯಾರೂ ಕೊಡುವುದಿಲ್ಲ, ಕೇಳಲೂ ನನಗೆ ಬಾಯಿ ಬರಲಿಲ್ಲ.

ಯಾರನ್ನಾದರೂ ಕೇಳಿ ಇಷ್ಟೆಲ್ಲ ತೆಗೆದುಕೊಂಡಿರಾ ಎಂದು ಡಾಕ್ಟರು ನನ್ನೆದುರೇ ವಿಚಾರಿಸಿದರು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. "ಯಾರನ್ನ ಕೇಳೋದು ಡಾಕ್ಟ್ರೇ? ಮಗಳನ್ನ ಕೇಳಿದ್ರೆ ಬೈತಾಳೆ. ನನ್ನ ಬುದ್ಧಿಗೆ ನಾನೇ ಕುಡಿದೆ" ಎಂದ. ಡಾಕ್ಟರು ಹಾಗೆಯೇ ಬರೆದುಕೊಂಡರು. ನಾನು ಅವನ ಹೊದಿಕೆ ಸರಿಮಾಡುತ್ತ ಸುಮ್ಮನಿದ್ದೆ, ಸಿಗ್ನೆ. ಇವತ್ತಿನವರೆಗೂ ಸುಮ್ಮನೇ ಇದ್ದೇನೆ. ನಿನಗೊಬ್ಬಳಿಗೆ ಹೇಳುತ್ತಿದ್ದೇನೆ.

ಇನ್ನು ಎರಡೋ ಮೂರೋ ದಿನವಂತೆ. ಅವನಿಗಾಗಿ ಬರಲಾಗದಿದ್ದರೆ ನನಗಾಗಿ ಬಾ.

ನಿನ್ನ ಅಕ್ಕ,
ಇಂಗ್ರಿಡ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೊಮ್ಮೆ ಅವನ ಹತ್ತಿರ ಹೋಗಿದ್ದೆ. ಅವನಿಗೆ ಈಗ ಯಾರ ಗುರುತೂ ಸಿಗುತ್ತಿಲ್ಲ. ನನ್ನ ಕೈ ಹಿಡಿದು, "ಸಿಗ್ನೆ, ಬಂದ್ಯಾ? ಇನ್ನೂ ಕೋಪಾನಾ?" ಎಂದ. "ಇಲ್ಲಪ್ಪಾ" ಎಂದುಬಿಟ್ಟೆ. ಆಮೇಲೆ ಅವನು ಮಾತಾಡಿಲ್ಲ. ಅವನ ಪಾಲಿಗೆ ನೀನು ಬಂದಾಯಿತು, ನಿಧಾನವಾಗಿಯೇ ಬಾ.